ಕಲ್ಯಾಣ ರಾಜ್ಯ ಮತ್ತು ಮುಕ್ತ ಮಾರುಕಟ್ಟೆ: ಹೈದರಾಬಾದ್ ಕಲಿಸುವ ಪಾಠ

(ಹೈದರಾಬಾದಿನ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಲೇಖನರೂಪ)



ಮುಕ್ತ ಮಾರುಕಟ್ಟೆ ಬಂದ ಮೇಲೆ ಕಲ್ಯಾಣ ರಾಜ್ಯ ಅಳಿಯಿತೆಂಬ ಮಾತು ಮೂರು ದಶಕಗಳಿಂದ ಕೇಳಿಬರುತ್ತಿದೆ. ಹೈದರಾಬಾದಿನ ಅನುಭವ ಈ ಮಾತನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಇಲ್ಲಿ ಕಲ್ಯಾಣ ರಾಜ್ಯ ಅಳಿದಿಲ್ಲ. ಅದರ ಸ್ವರೂಪ ಬದಲಾಗಿದೆ. ಹಿಂದೆ ತಾನೇ ಸೇವೆ ಒದಗಿಸುತ್ತಿದ್ದ ಸರ್ಕಾರ ಈಗ ಅದೇ ಸೇವೆಯನ್ನು ಮಾರುಕಟ್ಟೆಯಿಂದ ಕೊಂಡು ಪ್ರಜೆಗೆ ಕೊಡುತ್ತಿದೆ. ಒದಗಿಸುವವನು ಗಿರಾಕಿಯಾದಾಗ ಬಡವನ ಹಕ್ಕು ಏನಾಗುತ್ತದೆ ಎಂಬುದೇ ಇಂದಿನ ವಿಚಾರ.

ಈ ಬದಲಾವಣೆಯ ಎರಡು ತುದಿಗಳೂ ತೆಲಂಗಾಣದ ಒಬ್ಬ ನಾಯಕರ ಬದುಕಿನಲ್ಲೇ ಕಾಣಸಿಗುತ್ತವೆ. ಪಿ.ವಿ. ನರಸಿಂಹರಾಯರು 1971ರಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿಯಾಗಿ ಭೂಸುಧಾರಣೆಗೆ ಕೈಹಾಕಿದರು. 1991ರಲ್ಲಿ ಪ್ರಧಾನಿಯಾಗಿ ದೇಶದ ಮಾರುಕಟ್ಟೆಯ ಬಾಗಿಲು ತೆರೆದರು. ಇವೆರಡರ ನಡುವೆ, 1983ರಲ್ಲಿ, ಎನ್.ಟಿ. ರಾಮರಾವ್ ಅವರು ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಡುವ ಯೋಜನೆ ತಂದರು. ಆ ಅಕ್ಕಿ ಸರ್ಕಾರಿ ಪಡಿತರ ವ್ಯವಸ್ಥೆಯ ಮೂಲಕವೇ ಮನೆ ಸೇರುತ್ತಿತ್ತು.

ಆರೋಗ್ಯದ ಕಥೆ ಬೇರೆ ದಾರಿ ಹಿಡಿಯಿತು. ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ ಮೂಸಿ ನದಿಯ ದಂಡೆಯಲ್ಲಿ ಎದ್ದ ಉಸ್ಮಾನಿಯಾ ಆಸ್ಪತ್ರೆ ತಲೆಮಾರುಗಳ ಕಾಲ ಬಡವರ ಆಸರೆಯಾಗಿತ್ತು. 1988ರಲ್ಲಿ ಜುಬಿಲಿ ಹಿಲ್ಸ್‌ನಲ್ಲಿ ಅಪೋಲೊ ಆಸ್ಪತ್ರೆ ಆರಂಭವಾಯಿತು. ಅದರ ಹಿಂದೆಯೇ ದೊಡ್ಡ ಖಾಸಗಿ ಆಸ್ಪತ್ರೆಗಳು ಬೆಳೆದವು. ಹಣವಿದ್ದವರ ದಾರಿ ಬೇರೆಯಾಯಿತು. ಈ ಅಂತರವನ್ನು ತುಂಬಲು ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಸರ್ಕಾರ 2007ರ ಏಪ್ರಿಲ್ 1ರಂದು ಮಹಬೂಬ್‌ನಗರ, ಅನಂತಪುರ ಮತ್ತು ಶ್ರೀಕಾಕುಳಂ ಜಿಲ್ಲೆಗಳಲ್ಲಿ ಆರೋಗ್ಯಶ್ರೀ ಯೋಜನೆಯನ್ನು ಆರಂಭಿಸಿತು. ಬಿಳಿ ಪಡಿತರ ಚೀಟಿಯುಳ್ಳ ರೋಗಿ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. ನಿಗದಿತ ದರದಂತೆ ಬಿಲ್ಲನ್ನು ಸರ್ಕಾರದ ಕಡೆಯಿಂದ ತೀರಿಸಲಾಗುತ್ತದೆ.

ಈ ಯೋಜನೆಯ ಪುಣ್ಯವನ್ನು ಅಲ್ಲಗಳೆಯುವುದು ಅನ್ಯಾಯ. ದೊಡ್ಡ ಆಸ್ಪತ್ರೆಯ ಗೇಟಿನಾಚೆ ಎಂದೂ ಕಾಲಿಡದ ಕೂಲಿಕಾರನಿಗೆ ಹೃದಯದ ಶಸ್ತ್ರಚಿಕಿತ್ಸೆ ದೊರೆಯಿತು. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಮಿತಿಯೊಡನೆ ಇದೇ ಬಗೆಯ ಹಾದಿಯಲ್ಲಿ ಸಾಗಿತು. 2023ರ ಡಿಸೆಂಬರಿನಲ್ಲಿ ತೆಲಂಗಾಣ ತನ್ನ ಆರೋಗ್ಯಶ್ರೀಯ ಮಿತಿಯನ್ನು 10 ಲಕ್ಷಕ್ಕೆ ಏರಿಸಿತು.

ಆದರೆ ಲೆಕ್ಕದ ಪುಸ್ತಕ ಬೇರೆಯದನ್ನೂ ಹೇಳುತ್ತದೆ. ಸರ್ಕಾರ ಆಸ್ಪತ್ರೆ ಕಟ್ಟಿದರೆ ಅದು ಬಂಡವಾಳ ವೆಚ್ಚ. ಹಣ ಹೋದರೂ ಆಸ್ತಿ ಉಳಿಯುತ್ತದೆ. ಬಿಲ್ಲು ತೀರಿಸಿದರೆ ಅದು ರಾಜಸ್ವ ವೆಚ್ಚ. ಒಬ್ಬ ರೋಗಿ ಗುಣವಾಗುತ್ತಾನೆ, ಸಾರ್ವಜನಿಕ ಆಸ್ತಿ ಬೆಳೆಯುವುದಿಲ್ಲ. ಎರಡೂ ಬೇಕು. ಒಂದಕ್ಕಾಗಿ ಇನ್ನೊಂದನ್ನು ಮರೆತಾಗ ಏನಾಗುತ್ತದೆಂಬುದನ್ನು 2020ರ ಜುಲೈ ತೋರಿಸಿತು: ಮಳೆನೀರು ಉಸ್ಮಾನಿಯಾದ ವಾರ್ಡುಗಳಿಗೆ ನುಗ್ಗಿತು, ಹಳೆಯ ಕಟ್ಟಡವನ್ನು ಮುಚ್ಚಬೇಕಾಯಿತು. ಗೋಷಾಮಹಲ್‌ನಲ್ಲಿ ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆ ನಡೆದದ್ದು 2025ರ ಜನವರಿಯಲ್ಲಿ.

ಇನ್ನೊಂದು ಅಪಾಯ ಬಾಕಿಯದು. 2025ರ ಸೆಪ್ಟೆಂಬರಿನಲ್ಲಿ, ಸರ್ಕಾರದಿಂದ ಬರಬೇಕಾದ ಹಣ ಬಂದಿಲ್ಲವೆಂದು ತೆಲಂಗಾಣದ ಖಾಸಗಿ ಆಸ್ಪತ್ರೆಗಳ ಸಂಘಟನೆ ಆರೋಗ್ಯಶ್ರೀ ಸೇವೆಯನ್ನು ನಿಲ್ಲಿಸುವುದಾಗಿ ಸಾರಿತು. ವ್ಯಾಪಾರದಲ್ಲಿ ಬಾಕಿ ಉಳಿದರೆ ಮಾರುವವನು ಸರಕು ತಡೆಯುತ್ತಾನೆ. ಅದು ಮಾರುಕಟ್ಟೆಯ ನಿಯಮ. ಇಲ್ಲಿ ಸರಕೆಂದರೆ ಚಿಕಿತ್ಸೆ. ಸಾಲ ಸರ್ಕಾರದ್ದು, ಅದರ ಬಡ್ಡಿ ತೆರುವವನು ಮಾತ್ರ ರೋಗಿ.

ಮಾರುಕಟ್ಟೆಯನ್ನು ದೂಷಿಸುವುದು ಇದಕ್ಕೆ ಪರಿಹಾರವಲ್ಲ. ಈ ಸಭೆಯ ಬಹುತೇಕ ಕುಟುಂಬಗಳು ವ್ಯಾಪಾರ, ಉದ್ಯೋಗಗಳನ್ನು ಅರಸಿ ಈ ನಗರಕ್ಕೆ ಬಂದವು. ಅದರಿಂದಲೇ ನೆಲೆ ಕಂಡವು. ಆದರೆ ಸಂವಿಧಾನದ 47ನೆಯ ವಿಧಿ ಸಾರ್ವಜನಿಕ ಆರೋಗ್ಯದ ಸುಧಾರಣೆಯನ್ನು ರಾಜ್ಯದ ಕರ್ತವ್ಯವೆಂದಿದೆ. ತುರ್ತು ಚಿಕಿತ್ಸೆಯನ್ನು ಸರ್ಕಾರಿ ಆಸ್ಪತ್ರೆ ನಿರಾಕರಿಸುವುದು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲೇ ತೀರ್ಪಿತ್ತಿದೆ. ಸೇವೆಯನ್ನು ಗುತ್ತಿಗೆಗೆ ಕೊಡಬಹುದು, ಕರ್ತವ್ಯವನ್ನು ಕೊಡಲಾಗದು.

ಜೈನ ಸಮಾಜಕ್ಕೆ ಔಷಧದಾನ ಹೊಸದಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನ ಶ್ರಾವಕನ ನಿತ್ಯಧರ್ಮ. ಉಚಿತ ತಪಾಸಣಾ ಶಿಬಿರ ನಡೆಸುವುದು, ಔಷಧ ಹಂಚುವುದು ಶ್ಲಾಘ್ಯವೇ. ಆದರೆ ದಾನ ದಾನಿಯ ಕರುಣೆಯನ್ನು ಅವಲಂಬಿಸಿದೆ. ಹಕ್ಕು ಯಾರ ಕರುಣೆಗೂ ಕಾಯಬಾರದು. ಸರ್ಕಾರ ಹಿಂದೆ ಸರಿದ ಜಾಗವನ್ನು ದಾನದಿಂದ ತುಂಬುತ್ತ ಹೋದರೆ, ಪ್ರಶ್ನೆ ಕೇಳುವ ಅಭ್ಯಾಸವೇ ತಪ್ಪಿಹೋದೀತು.

ಲೆಕ್ಕ ಬಲ್ಲ ಸಮಾಜವೆಂಬ ಹೆಸರು ಜೈನರಿಗಿದೆ. ಆ ಬಲ್ಮೆ ಮನೆಯ ಜಮಾಖರ್ಚಿಗೇ ಸೀಮಿತವಾಗದಿರಲಿ. ಪ್ರತಿ ವರ್ಷ ಬಜೆಟ್ ಮಂಡನೆಯಾದಾಗ ತೆರಿಗೆಯ ದರವನ್ನಷ್ಟೇ ಹುಡುಕುವ ಕಣ್ಣು ಇನ್ನೆರಡು ಸಾಲುಗಳನ್ನೂ ಹುಡುಕಲಿ: ಆರೋಗ್ಯಶ್ರೀಯ ಹಳೆಯ ಬಾಕಿ ಎಷ್ಟು ತೀರಿತು? ಸರ್ಕಾರಿ ಆಸ್ಪತ್ರೆಗೆ ಇಟ್ಟ ಹಣದಲ್ಲಿ ಎಷ್ಟು ನಿಜವಾಗಿ ಖರ್ಚಾಯಿತು? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಬರೆಯಬಲ್ಲ ವಿದ್ಯಾವಂತರು ಈ ಸಭೆಯಲ್ಲೇ ಇದ್ದಾರೆ. ಬಡವನ ಪರವಾಗಿ ಕೇಳಿದ ಒಂದು ನೇರ ಪ್ರಶ್ನೆಯೂ ಅಭಯದಾನವೇ.

ಜೈ ಜಿನೇಂದ್ರ.