ಕಾವಲು ಸಡಿಲವಾದ ಕರುಳು

ಭೇದಿಯ ಮಾತನ್ನು ನಾಲ್ಕು ಜನರ ನಡುವೆ ಎತ್ತುವುದು ನಮ್ಮಲ್ಲಿ ರೂಢಿಯಲ್ಲ. ಎತ್ತಿದರೂ ಎರಡು ದಿನ ಗಂಜಿ, ಮಜ್ಜಿಗೆ, ಉಪ್ಪು ಸಕ್ಕರೆ ಬೆರೆಸಿದ ನೀರು ಎಂಬಲ್ಲಿಗೆ ಅದು ಮುಗಿಯುತ್ತದೆ. ಸಾಮಾನ್ಯರ ಮಟ್ಟಿಗೆ ಅಷ್ಟೇ ಸಾಕು. ವೈರಸ್ಸಿನಿಂದ ಬಂದ ಭೇದಿಯನ್ನು ನಿಲ್ಲಿಸುವುದು ಬಹುಮಟ್ಟಿಗೆ ಔಷಧವಲ್ಲ, ದೇಹದ ರಕ್ಷಣಾಶಕ್ತಿ. ನಾನು ಇಂದು ಹೇಳಹೊರಟಿರುವುದು ಆ ಶಕ್ತಿಯೇ ಕುಂದಿದವರ ವಿಚಾರವನ್ನು. ಅವರಲ್ಲಿಯೂ ಮುಖ್ಯವಾಗಿ, ಇನ್ನೊಬ್ಬರ ಮೂತ್ರಪಿಂಡವನ್ನು ಪಡೆದು ಬದುಕುತ್ತಿರುವವರನ್ನು ಕುರಿತು.

ಬದಲಿ ಮೂತ್ರಪಿಂಡ ದೇಹಕ್ಕೆ ಪರಕೀಯ. ಬಿಟ್ಟರೆ ದೇಹವೇ ಅದನ್ನು ನಾಶಮಾಡೀತು. ಆದುದರಿಂದ ಮೈಯ ಕಾವಲುಗಾರರನ್ನು ಔಷಧದಿಂದ ಮಂಪರಿನಲ್ಲಿಡಬೇಕಾಗುತ್ತದೆ. ಮೊದಲ ಕಾಲದಲ್ಲಿ ಈ ಕೆಲಸಕ್ಕೆ ಆಧಾರವಾದದ್ದು ಅಜಥಯೋಪ್ರಿನ್. 1957ರಲ್ಲಿ ಅದು ಸಿದ್ಧವಾದದ್ದು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಪ್ರಯೋಗಶಾಲೆಯಲ್ಲಿ. ವೈರಸ್ಸುಗಳ ಮೇಲಿನ ಅಸೈಕ್ಲೋವಿರ್ ಎಂಬ ಔಷಧವನ್ನು 1970ರ ದಶಕದಲ್ಲಿ ಬೆಳಕಿಗೆ ತಂದದ್ದೂ ಎಲಿಯನ್ನರ ಬಳಗವೇ. ಕಾವಲನ್ನು ಸಡಿಲಿಸುವ ಮದ್ದು, ಆ ಸಡಿಲಿನಲ್ಲಿ ನುಗ್ಗುವ ಶತ್ರುವಿಗೆ ಮದ್ದು, ಎರಡೂ ಒಂದೇ ಮನೆಯಿಂದ ಹೊರಟವು! ಔಷಧಗಳ ಚರಿತ್ರೆಯಲ್ಲಿ ಇದಕ್ಕಿಂತ ಸೋಜಿಗದ ಪ್ರಸಂಗ ನನಗೆ ತಿಳಿದಿಲ್ಲ. ಉದ್ಯೋಗ ಬಿಟ್ಟು ಬಂದರೆ ಮಾತ್ರ ಡಾಕ್ಟರೇಟ್ ಎಂದಾಗ ಉದ್ಯೋಗವನ್ನೇ ಆರಿಸಿಕೊಂಡ ಮಹಿಳೆ ಆಕೆ. 1988ರ ನೊಬೆಲ್ ಬಹುಮಾನ ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲ್ಯಾಕ್ ಅವರೊಡನೆ ಆಕೆಗೂ ಸಂದಿತು.

ಹೀಗೆ ನುಗ್ಗುವವರಲ್ಲಿ ಮುಖ್ಯವಾದುದು ಸೈಟೊಮೆಗಲೊವೈರಸ್. ನಮ್ಮಲ್ಲಿ ವಯಸ್ಕರಾದ ಬಹುಮಂದಿಯ ಮೈಯೊಳಗೆ ಅದು ಎಂದೋ ಹೊಕ್ಕು ಸದ್ದಿಲ್ಲದೆ ಮಲಗಿದೆ. ಕಾವಲು ಸಡಿಲವಾದಾಗ ಏಳುತ್ತದೆ. ಎದ್ದದ್ದು ದೊಡ್ಡ ಕರುಳಿನಲ್ಲಾದರೆ ಹುಣ್ಣು, ಜ್ವರ, ಹೊಟ್ಟೆನೋವು, ರಕ್ತ ಬೆರೆತ ಭೇದಿ. ರಕ್ತಪರೀಕ್ಷೆಯಲ್ಲಿ ಕೆಲವೊಮ್ಮೆ ಅದರ ಸುಳಿವೇ ಸಿಗದು. ಕರುಳಿನೊಳಕ್ಕೆ ನಳಿಕೆ ಇಳಿಸಿ, ಚೂರೊಂದನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಊದಿಕೊಂಡ ಜೀವಕೋಶ, ಅದರ ನಡುವೆ ದಟ್ಟವಾದ ಬೊಟ್ಟು, ಸುತ್ತ ತಿಳಿಯಾದ ಬಳೆ: ಥೇಟ್ ಗೂಬೆಯ ಕಣ್ಣು. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಈ ವೈರಸ್ಸಿಗೆ ಅಸೈಕ್ಲೋವಿರ್ ಸಾಲದು. ಅದರ ದಾಯಾದಿಯಾದ ಗ್ಯಾನ್ಸಿಕ್ಲೋವಿರ್ ಬೇಕು. ದೇಹವನ್ನು ಹೊಕ್ಕಾಗ ಇದು ನಿಷ್ಕ್ರಿಯ. ಸೋಂಕು ತಗಲಿದ ಕೋಶದಲ್ಲಿ ವೈರಸ್ಸೇ ತಯಾರಿಸಿದ ಕಿಣ್ವವೊಂದು ಅದನ್ನು ಚುರುಕುಗೊಳಿಸುತ್ತದೆ. ಚುರುಕಾದ ಔಷಧ ವೈರಸ್ಸು ತನ್ನ ನಕಲು ತೆಗೆದುಕೊಳ್ಳುವುದನ್ನು ತಡೆಯುತ್ತದೆ. ಕಳ್ಳನ ಕೈಯಿಂದಲೇ ಬಾಗಿಲಿಗೆ ಬೀಗ ಹಾಕಿಸಿದಂತೆ. ವಾಡಿಕೆಯ ಪ್ರಮಾಣ ಕಿಲೋ ತೂಕಕ್ಕೆ 5 ಮಿಲಿಗ್ರಾಂ, 12 ಗಂಟೆಗೊಮ್ಮೆ, ರಕ್ತನಾಳದ ಮೂಲಕ, ಎರಡು ಮೂರು ವಾರ. ಮೂತ್ರಪಿಂಡ ಕುಂದಿದ್ದರೆ ಇದಕ್ಕೂ ಕಡಿಮೆ. ಸುಧಾರಿಸಿದ ಮೇಲೆ ವ್ಯಾಲ್‌ಗ್ಯಾನ್ಸಿಕ್ಲೋವಿರ್ ಮಾತ್ರೆ. ಆದರೆ ಈ ಔಷಧ ಮೂಳೆಯೊಳಗಿನ ಮಜ್ಜೆಯನ್ನೂ ಕುಗ್ಗಿಸುತ್ತದೆ. ಬಿಳಿಯ ರಕ್ತಕಣಗಳು ಇಳಿಯುತ್ತವೆ. ಮೊದಲೇ ಮಂಪರಿನಲ್ಲಿದ್ದ ಕಾವಲುಗಾರರ ಸಂಖ್ಯೆಯೂ ಕಡಿಮೆಯಾಗುತ್ತದೆ. ರಕ್ತವನ್ನು ಮತ್ತೆ ಮತ್ತೆ ಎಣಿಸದೆ ಇದನ್ನು ಕೊಡುವಂತಿಲ್ಲ.

ಇಷ್ಟಾದರೂ ಇವರು ಅದೃಷ್ಟವಂತರೆಂದೇ ನನ್ನ ಎಣಿಕೆ. ಹೆಸರಿಟ್ಟು ಕರೆಯಬಹುದಾದ ಔಷಧವೊಂದು ಅವರಿಗಿದೆ. ನೊರೊವೈರಸ್ಸಿಗೆ ಸಿಕ್ಕವರಿಗೆ ಅದಿಲ್ಲ. 1968ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯಲ್ಲಿ ಹಬ್ಬಿದ ಬೇನೆಯಿಂದ ಹೆಸರು ಪಡೆದ ಈ ವೈರಸ್, ಆರೋಗ್ಯವಂತರನ್ನು ಎರಡು ಮೂರು ದಿನ ಕಾಡಿ ಬಿಡುತ್ತದೆ. ಬದಲಿ ಅಂಗ ಪಡೆದವರಲ್ಲಿ ಅದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ತಳವೂರುತ್ತದೆ. ತೂಕ ಇಳಿಯುತ್ತದೆ, ಮೈಯ ನೀರು ಬತ್ತಿ, ಕಷ್ಟಪಟ್ಟು ಪಡೆದ ಮೂತ್ರಪಿಂಡವೇ ಬಳಲುತ್ತದೆ. ನೈಟಜಾಕ್ಸನೈಡ್, ರೈಬಾವಿರಿನ್ ಮೊದಲಾದವನ್ನು ವೈದ್ಯರು ಕೊಟ್ಟು ನೋಡಿದ್ದಾರೆ; ಯಾವುದೂ ಖಚಿತವಾದ ಮದ್ದೆಂದು ನೆಲೆಗೊಂಡಿಲ್ಲ. ಉಳಿದಿರುವ ದಾರಿಯೆಂದರೆ ಮಂಪರಿನ ಔಷಧವನ್ನು ಸ್ವಲ್ಪ ಇಳಿಸಿ ಕಾವಲುಗಾರರನ್ನು ಎಬ್ಬಿಸುವುದು. ಹೆಚ್ಚಾಗಿ ಎದ್ದರೆ ಅವರು ವೈರಸ್ಸಿನ ಜೊತೆಗೆ ಮೂತ್ರಪಿಂಡದ ಮೇಲೂ ಬೀಳುತ್ತಾರೆ. ಅತ್ತ ದರಿ, ಇತ್ತ ಪುಲಿ.

ಭೇದಿಯೆಲ್ಲಕ್ಕೂ ವೈರಸ್ಸೇ ಕಾರಣವೆಂದೂ ಅಲ್ಲ. ಕಾವಲಿಳಿಸುವ ಮೈಕೊಫಿನೊಲೇಟ್ ತಾನೇ ಭೇದಿ ತರಬಲ್ಲುದು. ಅದರ ಜೊತೆಗಾರ ಟ್ಯಾಕ್ರೊಲಿಮಸ್ಸಿನ ರೀತಿ ಇನ್ನೂ ವಿಚಿತ್ರ. ಭೇದಿಯಾದಾಗ ಮಾತ್ರೆ ಮೈಗೆ ಹತ್ತದೆ ಹೋಯಿತೆಂದು ನಾವು ಎಣಿಸುತ್ತೇವೆ. ನಡೆಯುವುದು ಅನೇಕ ವೇಳೆ ಇದಕ್ಕೆ ವಿರುದ್ಧ. ಈ ಔಷಧವನ್ನು ತಡೆದು ಒಡೆಯುವ ಕರುಳಿನ ಒಳಪದರವೇ ಕೆಟ್ಟಿರುವುದರಿಂದ ರಕ್ತದಲ್ಲಿ ಅದರ ಮಟ್ಟ ಏರಿ, ಮೂತ್ರಪಿಂಡಕ್ಕೇ ವಿಷವಾಗುತ್ತದೆ. ಭೇದಿ ಹಿಡಿದ ದಿನಗಳಲ್ಲಿ ಆ ಮಟ್ಟವನ್ನು ಅಳೆಯಿಸದೆ, ವೈದ್ಯರಿಗೆ ತಿಳಿಸದೆ, ರೋಗಿ ತಾನಾಗಿ ಮಾತ್ರೆಯನ್ನು ಹೆಚ್ಚಿಸುವುದೂ ಬಿಡುವುದೂ ಎರಡೂ ಅಪಾಯ.