ತರಗು ಬೆಂಕಿ, ಕಾಡ್ಗಿಚ್ಚು



ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ತಾಳವಾಡಿ ಸೀಮೆಯಲ್ಲಿ ಎಲ್ಲರ ಕಣ್ಣೂ ಬೆಟ್ಟದ ಮೇಲೆ. ಹಾಸನೂರು, ದಿಂಬ, ತಲಮಲೆ, ಎಲ್ಲಿ ಹೊಗೆ ಎದ್ದರೂ ಮೊದಲು ಕೇಳುವುದು, ಯಾರು ಹಚ್ಚಿದರು ಅಂತ. ನಾನು ನಿಮ್ಮ ಮುಂದೆ ಇಡುವ ಪ್ರಶ್ನೆ ಬೇರೆ. ಕಾಡಿಗೆ ಬೆಂಕಿಯೇ ಸೋಕಬಾರದು ಎನ್ನುವ ಸರ್ಕಾರದ ಕಟ್ಟಳೆ ಎಷ್ಟರಮಟ್ಟಿಗೆ ಸರಿ? ನಾನು ಅರಣ್ಯಶಾಸ್ತ್ರ ಓದಿದವನಲ್ಲ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದವನು. ಆದರೆ ಈ ಬೆಂಕಿಯ ವಿಚಾರವೂ ಬಹುಮಟ್ಟಿಗೆ ಜಮೆ ಖರ್ಚಿನ ಲೆಕ್ಕವೇ.

ಕಟ್ಟಳೆ ಹಳೆಯದು. 1882ರ ಮದರಾಸು ಅರಣ್ಯ ಕಾಯಿದೆ ಮೀಸಲು ಕಾಡಿಗೆ ಬೆಂಕಿ ಇಡುವುದನ್ನು ಅಪರಾಧ ಮಾಡಿತು. ಅದೇ ಕಾಯಿದೆ ಈಗ ತಮಿಳುನಾಡು ಅರಣ್ಯ ಕಾಯಿದೆ ಎಂಬ ಹೆಸರಿನಲ್ಲಿ ನಮ್ಮ ಮೇಲಿದೆ. 1972ರ ವನ್ಯಜೀವಿ ಕಾಯಿದೆ ಅಭಯಾರಣ್ಯಗಳಲ್ಲೂ ಬೆಂಕಿಯನ್ನು ನಿಷೇಧಿಸಿತು. ಬಿಳಿಯ ಅಧಿಕಾರಿಗಳಿಗೆ ಬೇಕಾಗಿದ್ದದ್ದು ಮರಮುಟ್ಟು. ಸುಟ್ಟರೆ ನಷ್ಟ, ಆದ್ದರಿಂದ ಬೆಂಕಿ ಎಂದರೆ ಶತ್ರು. ತಮಾಷೆ ಏನೆಂದರೆ, ಬರ್ಮಾದ ತೇಗದ ಕಾಡುಗಳಲ್ಲಿ ಬೆಂಕಿ ತಡೆದ ಕಡೆ ಬಿದಿರು, ಪೊದೆಗಳು ದಟ್ಟವಾಗಿ ತೇಗದ ಸಸಿಗಳೇ ಏಳಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿನ ಹಲವು ಕಡೆ ಆ ತಡೆಯನ್ನು ಅವರೇ ಕೈಬಿಟ್ಟರು. ಪುಸ್ತಕದಲ್ಲಿದ್ದ ಕಟ್ಟಳೆ ಮಾತ್ರ ಅಲ್ಲಾಡಲಿಲ್ಲ.

ಇನ್ನು ನಮ್ಮ ಪಕ್ಕದ ಬಿಳಿಗಿರಿರಂಗನ ಬೆಟ್ಟಕ್ಕೆ ಬನ್ನಿ. ಅಲ್ಲಿನ ಸೋಲಿಗರು ತಲೆತಲಾಂತರದಿಂದ ‘ತರಗು ಬೆಂಕಿ’ ಹಾಕುತ್ತಿದ್ದರು. ಮಾಗಿ ಚಳಿ ಇನ್ನೂ ಇರುವಾಗ, ಹುಲ್ಲು ಪೂರಾ ಒಣಗುವ ಮೊದಲೇ, ಉದುರಿದ ಎಲೆಗೆ ಕಡ್ಡಿ ಗೀರುವುದು. ಆ ಬೆಂಕಿ ನೆಲದ ಮೇಲೆಯೇ ಹರಿದು ತಾನೇ ಆರುತ್ತದೆ, ಮರದ ತಲೆಗೆ ಏರುವುದಿಲ್ಲ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ತರಗು ಬೆಂಕಿ ಅಪರಾಧವಾಯಿತು. ಅದು ನಿಂತ ಮೇಲೆಯೇ ಲಂಟಾನ ಈ ಪರಿ ಹಬ್ಬಿತು, ನೆಲ್ಲಿ ಮರಗಳ ಮೇಲೆ ಬದನಿಕೆ ಹೆಚ್ಚಿತು ಎನ್ನುತ್ತಾರೆ ಸೋಲಿಗರ ಹಿರಿಯರು. ಬದನಿಕೆ ಹತ್ತಿದ ನೆಲ್ಲಿ ಸೊರಗುತ್ತದೆ, ಕಾಯಿ ಬಿಡುವುದು ಕಮ್ಮಿ. ಬೆಟ್ಟದ ಮನೆಗಳಿಗೆ ನೆಲ್ಲಿಕಾಯಿ ಎಂದರೆ ಕೈಗೆ ಬರುವ ಕಾಸು, ಅದನ್ನು ಮರೆಯಬೇಡಿ. ಲಂಟಾನ ಬೆಳೆದದ್ದಕ್ಕೆ ಬೆಂಕಿ ನಿಂತದ್ದೊಂದೇ ಕಾರಣವಲ್ಲ ಎನ್ನುವ ವಿಜ್ಞಾನಿಗಳಿದ್ದಾರೆ. ಇರಬಹುದು. ಆದರೂ ಆ ಕಾಡಿನಲ್ಲಿ ಬದುಕು ಸವೆಸಿದವರ ಮಾತನ್ನು ಸಾಕ್ಷಿಯ ಕಟಕಟೆಗೂ ಹತ್ತಿಸದೆ ತಳ್ಳಿಹಾಕುವುದು ನ್ಯಾಯವೇ?

ಈಗ ಲೆಕ್ಕಕ್ಕೆ ಬರೋಣ. ವರ್ಷವರ್ಷ ಉದುರುವ ತರಗೆಲೆ, ಒಣಹುಲ್ಲು, ಲಂಟಾನದ ಕಡ್ಡಿ, ಎಲ್ಲ ಜಮೆ. ಖರ್ಚು ಬಾಗಿಲು ಮುಚ್ಚಿದ್ದೇವೆ. ಹೀಗೆ ಕೂಡಿದ್ದು ಒಂದು ದಿನ ಬಡ್ಡಿ ಸಮೇತ ವಸೂಲಾಗುತ್ತದೆ, ಅದೂ ಬಿರುಬೇಸಿಗೆಯಲ್ಲಿ, ಗಾಳಿ ಬೀಸುವ ಹೊತ್ತಿನಲ್ಲಿ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಉರಿದು, ಕೊನೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಅದಕ್ಕೆ ಎರಡು ವರ್ಷ ಮೊದಲು, 2017ರಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕ ಸುಟ್ಟು ಸತ್ತ. ಹಸಿರು ಸೊಪ್ಪಿನ ಕೊಂಬೆ ಹಿಡಿದು ಜ್ವಾಲೆಯನ್ನು ಬಡಿಯುವ ಇಂಥ ನೌಕರರು, ದಿನಗೂಲಿಯ ಬೆಂಕಿ ಕಾವಲುಗಾರರು, ಇವರ ಜೀವವೇ ಈ ನೀತಿಯ ನಿಜವಾದ ಖರ್ಚು.

ಇಲಾಖೆಗೂ ಇದು ಗೊತ್ತಿಲ್ಲದ್ದಲ್ಲ. ಬೇಸಿಗೆಗೆ ಮೊದಲು ರಸ್ತೆಯ ಇಕ್ಕೆಲಗಳಲ್ಲಿ ಪಟ್ಟೆಪಟ್ಟೆಯಾಗಿ ಹುಲ್ಲು ಕೊಯ್ದು ತಾವೇ ಸುಡುತ್ತಾರೆ. ಅದಕ್ಕೆ ಬೆಂಕಿ ರೇಖೆ ಎಂದು ಹೆಸರು. ಅದನ್ನೇ ಸೋಲಿಗ ಮಾಡಿದರೆ ಮೊಕದ್ದಮೆ! ಉಪಗ್ರಹ ಕಂಡ ಬೆಂಕಿಯ ಸುದ್ದಿ ಡೆಹ್ರಾಡೂನಿನಿಂದ ಅಧಿಕಾರಿಯ ಮೊಬೈಲಿಗೆ ಬರುತ್ತದೆ. ಒಳ್ಳೆಯದೇ. ಆದರೆ ಅದು ಹೊತ್ತಿಕೊಂಡ ಮೇಲಿನ ಮಾತು.

ಹಾಗಂತ ನಾಳೆಯೇ ಕಡ್ಡಿ ಗೀರಿ ಎಂದು ನಾನು ಹೇಳುತ್ತಿಲ್ಲ. ಲಂಟಾನ ಆಳೆತ್ತರ ಬೆಳೆದಿರುವ ಕಡೆ ಇವತ್ತು ತರಗು ಬೆಂಕಿ ಹಾಕಿದರೆ ಅದು ಪೊದೆ ಹತ್ತಿ ಕಾಡ್ಗಿಚ್ಚೇ ಆಗುತ್ತದೆ. ಮೊದಲು ಲಂಟಾನವನ್ನು ಬೇರುಸಹಿತ ಕೀಳಿಸಬೇಕು. ಅದು ದುಬಾರಿ ಕೆಲಸ, ಒಂದು ಸಲಕ್ಕೆ ಮುಗಿಯುವುದೂ ಅಲ್ಲ. ಶೋಲಾ ಕಾಡಿಗಂತೂ ಬೆಂಕಿ ಸೋಕಲೇಬಾರದು, ಅದು ಸುಟ್ಟರೆ ಮತ್ತೆ ಏಳುವುದು ಬಲು ಕಷ್ಟ. ಒಣಕಾಡನ್ನೂ ವರ್ಷ ಬಿಡದೆ ಸುಟ್ಟರೆ ಸಸಿಗಳು ಉಳಿಯುವುದಿಲ್ಲ. ದನದ ಮೇವಿಗೆಂದೋ, ಇಲಾಖೆಯ ಮೇಲಿನ ಸಿಟ್ಟಿಗೋ ನಡುಬೇಸಿಗೆಯಲ್ಲಿ ಹಚ್ಚುವವರನ್ನು ನಾನು ವಹಿಸಿಕೊಳ್ಳುವುದಿಲ್ಲ.

ಎಲ್ಲಿ, ಯಾವಾಗ, ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ಯಾರು ತೀರ್ಮಾನಿಸಬೇಕು ಎನ್ನುವುದೇ ಮಾತು. 2006ರ ಅರಣ್ಯ ಹಕ್ಕು ಕಾಯಿದೆ, ಸಮುದಾಯದ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕನ್ನು ಒಪ್ಪಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಬೆಂಕಿಯ ಕಲಮು ಹಾಗೇ ಉಳಿಯಿತು. ನಿರ್ವಹಣೆಯ ಹಕ್ಕು ಒಂದು ಕೈಯಲ್ಲಿ, ಕಡ್ಡಿಪೆಟ್ಟಿಗೆಗೆ ಬೇಡಿ ಇನ್ನೊಂದು ಕೈಯಲ್ಲಿ. ಲಂಟಾನ ಕಿತ್ತ ಒಂದೆರಡು ತುಂಡು ಕಾಡಿನಲ್ಲಾದರೂ ಗ್ರಾಮಸಭೆ ಮತ್ತು ಇಲಾಖೆ ಕೂಡಿ ತರಗು ಬೆಂಕಿ ಹಾಕಿ ನೋಡಲಿ, ಪಕ್ಕದಲ್ಲಿ ಹಾಕದ ತುಂಡನ್ನೂ ಇಟ್ಟುಕೊಂಡು ಐದಾರು ವರ್ಷ ಹುಲ್ಲು, ಸಸಿ, ನೆಲ್ಲಿಕಾಯಿ ಎಲ್ಲದರ ಲೆಕ್ಕ ಬರೆಯಲಿ. ಆ ಪುಸ್ತಕವನ್ನು ಸೋಲಿಗರ ಹುಡುಗರೇ ಬರೆಯಬಲ್ಲರು. ಇಂದು ಅವರ ಮನೆಗಳಲ್ಲಿ ಓದಿದವರಿದ್ದಾರೆ.