ಬೆಂಕಿಯ ನಡುಗಡ್ಡೆಯಲ್ಲಿ ಅರ್ಧ ದಿನ



ಭಾರತದಲ್ಲಿ ಜೀವಂತ ಜ್ವಾಲಾಮುಖಿ ಇರುವುದು ಒಂದೇ ಕಡೆ. ಈಗ ಶ್ರೀ ವಿಜಯಪುರಂ ಎಂಬ ಹೆಸರು ಪಡೆದಿರುವ ಪೋರ್ಟ್ ಬ್ಲೇರಿನಿಂದ ಈಶಾನ್ಯಕ್ಕೆ ಸುಮಾರು 138 ಕಿಲೋಮೀಟರ್ ದೂರದ ಬ್ಯಾರೆನ್ ದ್ವೀಪದಲ್ಲಿ. ಪ್ರವಾಸಿಗರು ಅದನ್ನು ದೋಣಿಯಿಂದಲೇ ನೋಡಬೇಕು, ಇಳಿಯುವಂತಿಲ್ಲ. ಈ ನಿರ್ಬಂಧವನ್ನು ಸಡಿಲಿಸಬಾರದೇಕೆ ಎಂದು ಕೇಳುವವರುಂಟು. ಸಡಿಲಿಸಬಾರದೆಂಬುದು ನನ್ನ ಅಭಿಪ್ರಾಯ. ಕಾರಣ ಹೇಳುವ ಮೊದಲು ಕಂಡದ್ದನ್ನು ನಿವೇದಿಸುತ್ತೇನೆ.

1999ರ ಫೆಬ್ರವರಿಯಲ್ಲಿ, ನೌಕರಿಯ ನಿಮಿತ್ತ ಅಂಡಮಾನಿನಲ್ಲಿದ್ದಾಗ, ಅನುಮತಿ ಪಡೆದ ಭೂವಿಜ್ಞಾನಿಗಳ ತಂಡವೊಂದರ ವ್ಯವಸ್ಥೆ ನೋಡಿಕೊಳ್ಳಲು ಹಾಯಿನೌಕೆಯೊಂದರಲ್ಲಿ ಹೊರಟೆ. ಆ ಕಾಲದಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ. ನಾವು ಹೋಗಬೇಕಾದದ್ದೂ ಅತ್ತಲೇ. ಎದುರುಗಾಳಿಗೆ ಹಾಯಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸುತ್ತ, ಒಂದು ಹಗಲು ಒಂದು ರಾತ್ರಿ ಅಂಕುಡೊಂಕಾಗಿ ಸಾಗಿದೆವು. ಸಮುದ್ರಜಡ್ಡಿನ ವರ್ಣನೆ ಬೇಡ.

ಬೆಳಗ್ಗೆ ಕಂಡದ್ದು ಮೂರು ಕಿಲೋಮೀಟರಿನಷ್ಟು ಅಗಲದ, ಗೋಡೆ ಕಟ್ಟಿದಂತಹ ದುಂಡು ಬೆಟ್ಟ. ಕಡಲ ಮೇಲೆ 350 ಮೀಟರಿನಷ್ಟೇ ಕಾಣುವ ಈ ಪರ್ವತದ ಬುಡ ಎರಡು ಸಾವಿರ ಮೀಟರಿಗೂ ಆಳದಲ್ಲಿದೆ. ತೀರ ಅಷ್ಟು ಕಡಿದಾದುದರಿಂದ ಲಂಗರು ಹಿಡಿಯುವುದು ದುಸ್ತರ. ನೌಕೆ ದೂರದಲ್ಲೇ ಸುತ್ತುತ್ತಿರಲು, ನಾವು ಸಣ್ಣ ದೋಣಿಯಲ್ಲಿ ಪಶ್ಚಿಮಕ್ಕೆ ಬಂದೆವು. ಗೋಡೆ ಒಡೆದು ದಾರಿ ಬಿಟ್ಟಿರುವುದು ಅಲ್ಲಿ ಮಾತ್ರ. ಲಾವಾ ಸಮುದ್ರಕ್ಕೆ ಹರಿಯುವುದೂ ಅದೇ ದಾರಿಯಲ್ಲಿ!

1789ರಲ್ಲಿ ಲೆಫ್ಟಿನೆಂಟ್ ಬ್ಲೇರ್ ಕಂಡಾಗ ಉರಿಯುತ್ತಿದ್ದ ಈ ಬೆಟ್ಟ, ಹತ್ತೊಂಬತ್ತನೆಯ ಶತಮಾನದಲ್ಲಿ ತಣ್ಣಗಾಗಿ, 1991ರಲ್ಲಿ ಮತ್ತೆ ಎದ್ದಿತು. ಭಾರತದ ಭೂಫಲಕ ಬರ್ಮಾದ ಫಲಕದಡಿ ಜಾರುತ್ತಿರುವುದೇ ಇದರ ಮೂಲ. ನಾವು ತುಳಿದದ್ದು 1991 ಮತ್ತು 1994–95ರ ಲಾವಾ. ನಮ್ಮ ತಂಡದ ಹಿರಿಯರೊಬ್ಬರು, "ಸ್ವಾಮಿ, ಈ ನೆಲ ನಿಮ್ಮ ಮಗಳಿಗಿಂತ ಚಿಕ್ಕದು" ಎಂದರು. ಚೂಪು ಚೂಪಾದ ಕರಿ ಕಲ್ಲುಗಳ ರಾಶಿ, ಕೈಯೂರಿದರೆ ರಕ್ತ. ನಡುವಣ ಶಂಕುವಿನಿಂದ ಆವಿ ಏಳುತ್ತಿತ್ತು, ಗಂಧಕದ ವಾಸನೆ ಗಂಟಲು ಹಿಡಿಯುತ್ತಿತ್ತು. ಒಂದು ಬಿರುಕಿನಲ್ಲಿ ಬೆರಳುದ್ದದ ಜರೀಗಿಡ. ಎಲ್ಲರೂ ಅದನ್ನು ಸುತ್ತಿ ಬಳಸಿ ನಡೆದೆವು. ಮೇಲೆ ಹಳೆಯ ಗೋಡೆಯ ಹಸಿರಿನಲ್ಲಿ ಆಡುಗಳು. ಎಂದೋ ಹಡಗಿನವರು ಬಿಟ್ಟುಹೋದವುಗಳ ಸಂತತಿಯಂತೆ. ಊರು ಬಿಟ್ಟು ಬಂದು ನೆಲೆಸಿದ ನಮ್ಮಂತಹವರಿಗೆ ಅವುಗಳ ಮೇಲೆ ಮಮತೆ ಹುಟ್ಟುವುದು ಸಹಜ.

ಆ ಜರೀಗಿಡವೇ ನನ್ನ ವಾದ. ಬರಿದಾದ ನೆಲಕ್ಕೆ ಜೀವ ಹೇಗೆ ಬರುತ್ತದೆಂದು ಅರಿಯಲು ಇಂತಹ ಸ್ಥಳಗಳು ಅಪರೂಪ. ಐಸ್‌ಲ್ಯಾಂಡಿನವರು 1963ರಲ್ಲಿ ಕಡಲಿನಿಂದೆದ್ದ ಸುರ್ಟ್ಸೆ ದ್ವೀಪಕ್ಕೆ ವಿಜ್ಞಾನಿಗಳ ಹೊರತು ಯಾರನ್ನೂ ಬಿಡುತ್ತಿಲ್ಲ. ದಿನಕ್ಕೆರಡು ದೋಣಿ ಜನ ಇಳಿದರೆ ಆ ಬಿರುಕಿನಲ್ಲಿ ಉಳಿಯುವುದು ಬಿಸ್ಕತ್ತಿನ ಹೊದಿಕೆ. ಅಪಾಯವೂ ಕಲ್ಪನೆಯದಲ್ಲ: 2005ರಲ್ಲಿ ಬೆಟ್ಟ ಮತ್ತೆ ಉಕ್ಕಿತು, 2017ರಲ್ಲಿಯೂ.

"ತಾವು ನೋಡಿಬಂದು ನಮಗೆ ಬೇಡವೆನ್ನುವುದು ಯಾವ ನ್ಯಾಯ?" ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದುದೇ. ನಾನು ಹೋದದ್ದು ಕೆಲಸಕ್ಕೆ. ವಿಹಾರಕ್ಕಾಗಿದ್ದರೆ ನನ್ನನ್ನೂ ತಡೆಯಬೇಕಿತ್ತು.

ಜ್ವಾಲಾಮುಖಿಯ ಕಲ್ಲನ್ನು ಮುಟ್ಟಲೇಬೇಕೆನ್ನುವವರಿಗೆ ನಮ್ಮ ನಾಡಿನಲ್ಲೇ ಅವಕಾಶವಿದೆ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು ಎಂಟೂವರೆ ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಲಾವಾ ತಣಿದು ಬಿರಿದು ಮೂಡಿದವು. ಮುಂದಿನ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಕರೆದೊಯ್ಯಿರಿ. ಮಳೆಗಾಲದಲ್ಲಿ ಮಾತ್ರ ದೋಣಿ ಹೋಗುವುದಿಲ್ಲ.